ಬಾಸುಂಡೆಯೂ ಪಂಚನಾಮೆಯೂ

ಸುಗ್ಗಿ ಮುಗಿದು ಊರೂರಿನ ಜಾತ್ರೆಗಳು ಶುರುವಾದವೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಶರ್ಯತ್ತಿನ ಹಂಗಾಮು ಬಂತೆಂದೇ ಲೆಕ್ಕ. ಜೋಡೆತ್ತಿನ ಗಾಡಿ, ಜೋಡು ಕುದುರೆ ಗಾಡಿ, ಕುದುರೆಯನ್ನೂ ಎತ್ತನ್ನೂ ಒಂದೇ ನೊಗಕ್ಕೆ ಹೂಡಿದ ಗಾಡಿ, ಹೀಗೆ ಬಗೆಬಗೆಯ ಓಟಗಳು. ಗೆದ್ದ ಜೋಡಿಗೆ ಬಕ್ಷೀಸು, ಯಜಮಾನನಿಗೆ ಪೇಟ, ಊರಿಗೆ ಹೆಸರು. ಇದೇ ಹಂಗಾಮಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಬೇರೆ ಚಿತ್ರಗಳೂ ಇವೆ: ಬಾಲ ತಿರುಚುವ ಕೈ, ತುದಿಗೆ ಮೊಳೆ ಬಡಿದ ಕೋಲು, ಬೆನ್ನ ಮೇಲೆ ಎದ್ದ ಬಾಸುಂಡೆ. ದೂರು ಹೋಗುತ್ತದೆ, ಪೊಲೀಸರು ಬರುತ್ತಾರೆ, ಒಮ್ಮೆ ಶರ್ಯತ್ತು ನಿಲ್ಲುತ್ತದೆ, ಇನ್ನೊಮ್ಮೆ ನಿಲ್ಲುವುದಿಲ್ಲ. ಆಮೇಲೆ ಆ ಪ್ರಕರಣ ಏನಾಯಿತೆಂದು ಕೇಳುವವರು ಕಡಿಮೆ. ನನ್ನ ಮಾತೆಲ್ಲ ಆ ‘ಆಮೇಲೆ’ಯ ಕುರಿತದ್ದು. ವಿಧಿವಿಧಾನ ಪಾಲಿಸಿ ಎಂದರೆ ಎತ್ತು ಹೊಡೆದವನಿಗೆ ತಪ್ಪಿಸಿಕೊಳ್ಳುವ ದಾರಿ ತೋರಿಸಿದಂತೆ ಎಂದು ಪ್ರಾಣಿದಯೆಯವರು ಭಾವಿಸುತ್ತಾರೆ. ವಿಧಿವಿಧಾನವೆಂದರೆ ತಮ್ಮನ್ನು ಸತಾಯಿಸುವ ನೆಪವೆಂದು ಜಾತ್ರಾ ಕಮಿಟಿಯವರು ಭಾವಿಸುತ್ತಾರೆ. ಕಾಯ್ದೆಯ ಕಲಮುಗಳನ್ನು ಒಂದೊಂದಾಗಿ ಓದಿದರೆ ಕಾಣುವುದೇ ಬೇರೆ. ಎತ್ತಿನ ಮೈಮೇಲಿನ ಬಾಸುಂಡೆ ನ್ಯಾಯಾಲಯದವರೆಗೆ ಹೋಗಿ ನಿಲ್ಲಬೇಕಾದರೆ ಅದು ಮೊದಲು ಸರಿಯಾದ ಅಧಿಕಾರಿಯ ಕೈಯಿಂದ, ಸರಿಯಾದ ಹೊತ್ತಿಗೆ, ಸರಿಯಾದ ಕಾಗದದ ಮೇಲೆ ಇಳಿಯಬೇಕು. ಎತ್ತಿನ ಯಜಮಾನನಿಗೆ ನ್ಯಾಯವಾಗಿ ನಡೆದುಕೊಳ್ಳುವ ತನಿಖೆಯೇ ಎತ್ತನ್ನು ಕಾಯುವ ತನಿಖೆ.

ಈ ಓಟಗಳ ಕಾನೂನು ಹತ್ತು ಹನ್ನೆರಡು ವರ್ಷಗಳಲ್ಲಿ ಎಷ್ಟು ಸಲ ಹೊರಳಿತೆಂಬುದನ್ನು ನೆನೆದರೆ ತಳಮಟ್ಟದ ಅಧಿಕಾರಿಗಳ ಗೊಂದಲ ಅರ್ಥವಾಗುತ್ತದೆ. ಮೂಲ ಕಾಯ್ದೆ 1960ರ ಪ್ರಾಣಿಗಳಿಗೆ ಹಿಂಸೆ ತಡೆ ಕಾಯ್ದೆ. 2011ರ ಜುಲೈನಲ್ಲಿ ಕೇಂದ್ರದ ಪರಿಸರ ಸಚಿವಾಲಯ, ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನು ಸೇರಿಸಿತು. 2014ರ ಮೇ 7ರಂದು ಎ. ನಾಗರಾಜ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟ ಎರಡನ್ನೂ ನಿಷೇಧಿಸಿತು. ಎತ್ತಿನ ದೇಹರಚನೆಯೇ ಓಟದ ಪ್ರಾಣಿಯದಲ್ಲ ಎಂಬುದು ಆ ತೀರ್ಪಿನ ಒಂದು ಮುಖ್ಯ ಮಾತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಷರತ್ತುಗಳೊಂದಿಗೆ ಓಟಕ್ಕೆ ಬಾಗಿಲು ತೆರೆಯಹೋದಾಗ ಕೆಲವೇ ದಿನಗಳಲ್ಲಿ ನ್ಯಾಯಾಲಯ ಅದನ್ನು ತಡೆಯಿತು. ಆಮೇಲೆ ಚೆನ್ನೈನ ಮರೀನಾ ಕಡಲತೀರದಲ್ಲಿ ಜಲ್ಲಿಕಟ್ಟಿಗಾಗಿ ಜನ ಸೇರಿದರು, ತಮಿಳುನಾಡು ತನ್ನದೇ ತಿದ್ದುಪಡಿ ತಂದಿತು, ಕರಾವಳಿಯ ಕಂಬಳವನ್ನು ಉಳಿಸಲು ಕರ್ನಾಟಕವೂ ಅದೇ ಹಾದಿ ಹಿಡಿಯಿತು. ನಮ್ಮ 2017ರ ಎರಡನೇ ತಿದ್ದುಪಡಿ ಕಾಯ್ದೆಗೆ 2018ರ ಆರಂಭದಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. ಕಂಬಳದ ಜೊತೆಗೆ ಹೋರಿ ಓಟ ಮತ್ತು ಎತ್ತಿನಗಾಡಿ ಓಟವೂ ಅದರೊಳಗೆ ಸೇರಿದ್ದರಿಂದ, ಮಂಗಳೂರು ಕಡೆಯ ಗದ್ದೆಗಾಗಿ ಎದ್ದ ಕೂಗಿನಿಂದ ಕೃಷ್ಣಾ ತೀರದ ಎರೆಹೊಲಕ್ಕೂ ಫಲ ಸಿಕ್ಕಂತಾಯಿತು. ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

ಆ ಕೊನೆಯ ತೀರ್ಪನ್ನು ನಮ್ಮ ಭಾಗದಲ್ಲಿ ಬಹುತೇಕರು ಅರ್ಧ ಮಾತ್ರ ಓದಿಕೊಂಡಿದ್ದಾರೆ. ‘ಶರ್ಯತ್ತಿಗೆ ಸುಪ್ರೀಂ ಕೋರ್ಟ್ ಪರವಾನಗಿ ಕೊಟ್ಟಿದೆ’ ಎಂಬುದು ಆ ಅರ್ಧ. ಉಳಿದರ್ಧದಲ್ಲಿ ನ್ಯಾಯಾಲಯ ಹೇಳಿದ್ದು, ತಿದ್ದುಪಡಿಯ ನಂತರದ ಕಾಯ್ದೆ, ನಿಯಮ, ಅಧಿಸೂಚನೆಗಳನ್ನು ಕಟ್ಟುನಿಟ್ಟಾಗಿ ಜಾರಿ ಮಾಡಬೇಕು ಮತ್ತು ಆ ಹೊಣೆ ಜಿಲ್ಲಾ ದಂಡಾಧಿಕಾರಿ ಹಾಗೂ ಸಕ್ಷಮ ಅಧಿಕಾರಿಗಳ ಮೇಲಿದೆ ಎಂದು. ಕರ್ನಾಟಕದ ತಿದ್ದುಪಡಿ ಕೊಟ್ಟಿರುವ ರಕ್ಷಣೆಯೂ ಬೇಷರತ್ತಾದದ್ದಲ್ಲ. ಪ್ರಾಣಿಗೆ ಅನಗತ್ಯ ನೋವು ಕೊಡಬಾರದು ಎಂಬ ಷರತ್ತಿನ ಮೇಲೆಯೇ ಅದು ನಿಂತಿದೆ. ಅಂದರೆ ಬೆಳಗಾವಿಯ ಜಿಲ್ಲಾಧಿಕಾರಿಗೂ, ಅವರ ಕೆಳಗೆ ಚಿಕ್ಕೋಡಿಯಲ್ಲಿ ಕೂರುವ ಉಪವಿಭಾಗಾಧಿಕಾರಿಗೂ, ತಹಶೀಲ್ದಾರರಿಗೂ ಇದು ಇಷ್ಟ ಬಂದರೆ ಮಾಡುವ ಕೆಲಸವಲ್ಲ. ‘ಅನಗತ್ಯ ನೋವು’ ಎಂಬ ಎರಡು ಪದಗಳಿಗೆ ಮೈದಾನದಲ್ಲಿ ಅರ್ಥ ಕೊಡುವ ಕೆಲಸ ಅವರದು. ಅದಕ್ಕೆ ಅಳತೆಗೋಲುಗಳು ಇಲ್ಲದೆ ಇಲ್ಲ. 1965ರ ಭಾರ ಎಳೆಯುವ ಪ್ರಾಣಿಗಳ ನಿಯಮಗಳನ್ನೇ ನೋಡಿ: ಮೊಳೆ ಹೊಡೆದ ಕೋಲು, ಚುಚ್ಚುವ ಕಡಿವಾಣ, ಮುಳ್ಳಿರುವ ನೊಗ ಬಳಸಕೂಡದು, 37 ಡಿಗ್ರಿ ಸೆಲ್ಸಿಯಸ್ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಹೂಡಕೂಡದು. ಚೈತ್ರ–ವೈಶಾಖದ ಬಿಸಿಲಿನಲ್ಲಿ ಅಥಣಿ, ಕಾಗವಾಡ ಸೀಮೆಯ ನೆಲ ಹೇಗೆ ಕಾಯುತ್ತದೆಂದು ಬಲ್ಲವರಿಗೆ ಈ ಎರಡನೆಯ ನಿಯಮ ಎಷ್ಟು ಹತ್ತಿರದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಐದು ತಾಲ್ಲೂಕುಗಳಿಗೆ ಇನ್ನೊಂದು ತೊಡಕಿದೆ. ಕೂಗಳತೆಯಲ್ಲಿ ಮಹಾರಾಷ್ಟ್ರ. ಮಿರಜ, ಸಾಂಗ್ಲಿ, ಕಾಗಲ, ಇಚಲಕರಂಜಿ, ಜತ್ತ ಕಡೆಯ ಜನ, ಭಾಷೆ, ನಂಟಸ್ತನ, ಖಿಲಾರಿ ಎತ್ತು ಎಲ್ಲವೂ ಗಡಿಯ ಈಚೆ ಆಚೆ ಹೋಗಿಬರುತ್ತವೆ. ಶರ್ಯತ್ತು ಎಂಬ ಮಾತು ಕೂಡ ಎರಡೂ ಕಡೆಯದು. ಆದರೆ ಕಾನೂನು ಎರಡು. ಮಹಾರಾಷ್ಟ್ರ 2017ರಲ್ಲೇ ತಿದ್ದುಪಡಿ ಮಾಡಿ ನಿಯಮಗಳನ್ನೂ ಬರೆಯಿತು: ಜಿಲ್ಲಾಧಿಕಾರಿಯ ಪೂರ್ವಾನುಮತಿ ಬೇಕು, ಓಟದ ಹಾದಿ 1000 ಮೀಟರ್ ಮೀರಬಾರದು, ಹೀಗೆ. ಆದರೂ ಬಾಂಬೆ ಹೈಕೋರ್ಟಿನ ತಡೆಯಿಂದಾಗಿ ಅಲ್ಲಿ ಓಟ ನಿಂತೇ ಇತ್ತು. ಸುಪ್ರೀಂ ಕೋರ್ಟ್ ಅದಕ್ಕೆ ಅವಕಾಶ ಕೊಟ್ಟಿದ್ದು 2021ರ ಡಿಸೆಂಬರ್ 16ರಂದು. ಅಲ್ಲಿಯವರೆಗೆ, 2018ರಿಂದ ಸುಮಾರು ನಾಲ್ಕು ವರ್ಷ, ಒಂದೇ ಜೋಡಿ ಎತ್ತು ಕಾಗವಾಡದ ಹೊಲದಲ್ಲಿ ಓಡಿದರೆ ಕಾನೂನುಬದ್ಧ, ಮಿರಜದ ಹೊಲದಲ್ಲಿ ಓಡಿದರೆ ನಿಷಿದ್ಧ. ಇಂಥ ಕಡೆ ‘ಎಲ್ಲರಿಗೂ ಗೊತ್ತಿರುವ ಕಾನೂನು’ ಎಂದು ಅಧಿಕಾರಿಗಳು ಅಂದುಕೊಂಡು ಕೂರುವುದು ಅನ್ಯಾಯ. ನಿಪ್ಪಾಣಿಯ ಕಮಿಟಿಗೆ ಷರತ್ತು ಹಾಕುವಾಗ ಅದನ್ನು ಬರಹದಲ್ಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಕನ್ನಡದ ಆದೇಶದ ಜೊತೆಗೆ ಮರಾಠಿಯ ಒಂದು ಪ್ರತಿ ಕೊಟ್ಟರೆ ಕನ್ನಡಕ್ಕೆ ಕುಂದಿಲ್ಲ; ‘ನನಗೆ ತಿಳಿಯಲಿಲ್ಲ’ ಎಂಬ ನೆಪ ಮಾತ್ರ ಇಲ್ಲವಾಗುತ್ತದೆ.

ಈಗ ತನಿಖೆಯ ವಿಷಯಕ್ಕೆ ಬರೋಣ. ಮೈದಾನದಲ್ಲಿ ನಿಂತ ಪಿಎಸ್‌ಐ ಒಬ್ಬರಿಗೆ, ಎತ್ತಿಗೆ ಮೊಳೆಕೋಲಿನಿಂದ ಚುಚ್ಚುವುದು ಕಂಡಿತೆನ್ನಿ. ಅದು 1960ರ ಕಾಯ್ದೆಯ 11ನೇ ಕಲಮಿನ ಅಪರಾಧ. ಕೂಡಲೇ ಎಫ್‌ಐಆರ್ ಹಾಕಬಹುದೇ? ಇಲ್ಲಿಯೇ ಬಹಳ ಪ್ರಕರಣಗಳು ಎಡವುವುದು. ಅದೇ ಕಾಯ್ದೆಯ 31ನೇ ಕಲಮು, 11ರ ಉಪಕಲಮುಗಳಲ್ಲಿ ಮೂರನ್ನು ಮತ್ತು 12ನೇ ಕಲಮನ್ನು ಮಾತ್ರ ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ತಾವಾಗಿಯೇ ತನಿಖೆಗಿಳಿಯಬಹುದಾದ ಅಪರಾಧ, ಎಂದು ಗುರುತಿಸಿದೆ. ಹೊಡೆಯುವುದು, ಮಿತಿಮೀರಿ ಓಡಿಸುವುದು, ಹಿಂಸಿಸುವುದು ಆ ಪಟ್ಟಿಯಲ್ಲಿಲ್ಲ. ಅಂದಮೇಲೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಮಿನಂತೆ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 155) ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಕೈಹಾಕುವಂತಿಲ್ಲ. ಆ ಆದೇಶವೂ ಅರ್ಜಿಯ ಮೂಲೆಯಲ್ಲಿ ‘ಅನುಮತಿಸಲಾಗಿದೆ’ ಎಂದು ಗೀಚಿದ ಒಂದು ಪದವಾಗಿದ್ದರೆ ಸಾಲದು. ಮ್ಯಾಜಿಸ್ಟ್ರೇಟರು ವಿಷಯಕ್ಕೆ ಮನಸ್ಸು ಕೊಟ್ಟದ್ದು ಅದರಲ್ಲಿ ಕಾಣಬೇಕು ಎಂದು ಕರ್ನಾಟಕ ಹೈಕೋರ್ಟ್ ಜೂಜಿನ ಪ್ರಕರಣಗಳಲ್ಲಿ ಮತ್ತೆ ಮತ್ತೆ ಹೇಳಿ, ಅಂಥ ಎಫ್‌ಐಆರ್‌ಗಳನ್ನು ರದ್ದು ಮಾಡಿದೆ. ಎಡವಿದ ಪ್ರಕರಣ ಧಾರವಾಡ ಪೀಠದಲ್ಲಿ ಬಿದ್ದುಹೋದಾಗ ಎತ್ತು ಹೊಡೆದವನು ನಿರ್ದೋಷಿಯಾಗಿದ್ದಾನೆಂದು ಊರು ತಿಳಿಯುತ್ತದೆ. ನಿಜದಲ್ಲಿ ಅವನು ಹೊಡೆದನೋ ಇಲ್ಲವೋ ಎಂಬ ಪ್ರಶ್ನೆಯನ್ನು ನ್ಯಾಯಾಲಯದ ಮುಂದೆ ಇಡಲೇ ಇಲ್ಲ.

ಇದನ್ನು ಬಲ್ಲ ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಒಂದು ಸಂಜ್ಞೇಯ ಕಲಮನ್ನು ಜೊತೆಗೆ ಸೇರಿಸಿದರೆ ಇಡೀ ಪ್ರಕರಣ ಸಂಜ್ಞೇಯವಾಗುತ್ತದೆಂಬುದು ಕಾನೂನಿನಲ್ಲೇ ಇದೆ. ಹಾಗಾಗಿ ಪ್ರಾಣಿಯನ್ನು ಕೊಲ್ಲುವುದು ಅಥವಾ ಅಂಗವಿಕಲಗೊಳಿಸುವುದಕ್ಕೆ ಇರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮನ್ನು ಬಾಸುಂಡೆಗೂ ಅಂಟಿಸುವ ಆಸೆ ಹುಟ್ಟುತ್ತದೆ. ಎತ್ತಿನ ಕಾಲು ಮುರಿದಿದ್ದರೆ, ಎತ್ತು ಸತ್ತಿದ್ದರೆ ಆ ಕಲಮು ಬೇಕೇ ಬೇಕು, ಅದನ್ನು ಹಾಕದಿರುವುದು ತಪ್ಪು. ಆದರೆ ಐದು ವರ್ಷದ ಸಜೆಯಿರುವ ಕಲಮನ್ನು ವೈದ್ಯರ ವರದಿಯಿಲ್ಲದೆ, ಬರೀ ತನಿಖೆಯ ಬೀಗದ ಕೈಯೆಂದು ಬಳಸುವುದು ಅಧಿಕಾರವನ್ನು ಅದರ ಉದ್ದೇಶಕ್ಕಲ್ಲದೆ ಬೇರೆಯದಕ್ಕೆ ಬಳಸಿದಂತೆ. ಆಡಳಿತ ಕಾನೂನಿನಲ್ಲಿ ಇದಕ್ಕಿಂತ ಹಳೆಯ ದೋಷ ಇನ್ನೊಂದಿಲ್ಲ.

‘ಹಾಗಾದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿಬರುವಷ್ಟರಲ್ಲಿ ಓಟ ಮುಗಿದು, ಎತ್ತು ಗಾಡಿ ಹತ್ತಿ ಸಾಂಗ್ಲಿ ಮುಟ್ಟಿರುತ್ತದಲ್ಲ?’ ಈ ಆಕ್ಷೇಪ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಇದಕ್ಕೆ ಉತ್ತರವನ್ನು ಕಾಯ್ದೆಯೇ 1960ರಲ್ಲಿ ಬರೆದಿಟ್ಟಿದೆ. 34ನೇ ಕಲಮಿನ ಪ್ರಕಾರ ಕಾನ್‌ಸ್ಟೇಬಲ್‌ಗಿಂತ ಮೇಲಿನ ದರ್ಜೆಯ ಯಾವ ಪೊಲೀಸ್ ಅಧಿಕಾರಿಯೇ ಆಗಲಿ, ಅಪರಾಧ ನಡೆಯುತ್ತಿದೆ ಅಥವಾ ನಡೆದಿದೆ ಎಂದು ನಂಬಲು ಕಾರಣವಿದ್ದರೆ ಪ್ರಾಣಿಯನ್ನು ಅಲ್ಲಿಯೇ ವಶಕ್ಕೆ ಪಡೆದು, ಹತ್ತಿರದ ಮ್ಯಾಜಿಸ್ಟ್ರೇಟರ ಅಥವಾ ನಿಗದಿತ ಪಶುವೈದ್ಯಾಧಿಕಾರಿಯ ಮುಂದೆ ತಪಾಸಣೆಗೆ ಒಯ್ಯಬಹುದು. ಅಪರಾಧ ಸಂಜ್ಞೇಯವೋ ಅಲ್ಲವೋ ಎಂಬ ಭೇದವನ್ನು ಈ ಕಲಮು ಮಾಡಿಲ್ಲ. ಅಂದರೆ ಪ್ರಾಣಿಯನ್ನು ಈಗಲೇ ಉಳಿಸಲು ಒಂದು ಬಾಗಿಲು, ಮನುಷ್ಯನ ಮೇಲೆ ಮೊಕದ್ದಮೆ ಕಟ್ಟಲು ಇನ್ನೊಂದು ಬಾಗಿಲು. ಮೊದಲನೆಯದು ತೆರೆದೇ ಇದೆ. ಎರಡನೆಯದರಲ್ಲಿ ನ್ಯಾಯಾಂಗದ ಕಾವಲಿದೆ. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ, ನನಗೆ ಬಹಳ ಅಮೂಲ್ಯವೆನಿಸುವ ಮಾತು: ಪ್ರಾಣಿಯನ್ನು ವಶಕ್ಕೆ ಪಡೆಯುವಾಗ ಅದರ ಉಸ್ತುವಾರಿಯಲ್ಲಿರುವವನೂ ತಪಾಸಣೆಯ ಸ್ಥಳಕ್ಕೆ ಜೊತೆಗೆ ಬರುವಂತೆ ಅಧಿಕಾರಿ ಹೇಳಬಹುದು. ಯಜಮಾನನ ಎದುರಿಗೇ ವೈದ್ಯರು ಎತ್ತಿನ ಮೈ ನೋಡುತ್ತಾರೆ, ಗಾಯ ಹಳೆಯದೋ ಹೊಸದೋ ಎಂದು ಬರೆಯುತ್ತಾರೆ, ಅವನಿಗೆ ಹೇಳುವುದಿದ್ದರೆ ಅಲ್ಲಿಯೇ ಹೇಳುತ್ತಾನೆ. ತುರ್ತಿನ ಕ್ರಮಕ್ಕೂ ಎದುರಾಳಿಯ ಮಾತು ಕೇಳುವುದಕ್ಕೂ ವಿರೋಧವಿದೆಯೆಂದು ಯಾರಾದರೂ ಹೇಳಿದರೆ ಈ ಕಲಮನ್ನು ಓದಿಸಬೇಕು. ಅಥಣಿಯ ಪಶು ಆಸ್ಪತ್ರೆಯ ಅಂಗಳದಲ್ಲಿ ಒಂದು ಗಂಟೆಯ ಕೆಲಸ ಅದು.

ವಶಕ್ಕೆ ಪಡೆದ ಮೇಲೆ ಏನು? ಒಂದು ಜೋಡಿ ಖಿಲಾರಿ ಎತ್ತು ರೈತನಿಗೆ ಬರೀ ಆಟದ ವಸ್ತುವಲ್ಲ. ಲಕ್ಷಗಟ್ಟಲೆ ರೂಪಾಯಿ ಹಾಕಿ, ಕೆಲವೊಮ್ಮೆ ಸಾಲ ಮಾಡಿ ತಂದದ್ದು. ಕಬ್ಬಿನ ಗಾಡಿಗೂ ಹೊಲಕ್ಕೂ ಅದೇ. 1960ರ ಕಾಯ್ದೆಯ 29ನೇ ಕಲಮಿನಂತೆ ಮಾಲೀಕತ್ವ ತಪ್ಪಿಸುವುದು ಅಪರಾಧ ಸಾಬೀತಾದ ಮೇಲೆ, ಅದೂ ಪ್ರಾಣಿ ಮತ್ತೆ ಅವನ ಕೈಗೆ ಹೋದರೆ ಹಿಂಸೆ ಮುಂದುವರಿಯುತ್ತದೆಂದು ನ್ಯಾಯಾಲಯಕ್ಕೆ ಮನವರಿಕೆಯಾದಾಗ ಮಾತ್ರ. ಆದರೆ 2017ರಲ್ಲಿ ಕೇಂದ್ರ ತಂದ, ಜಪ್ತಾದ ಪ್ರಾಣಿಗಳ ಪಾಲನೆಯ ನಿಯಮಗಳು ವಿಚಾರಣೆ ಮುಗಿಯುವ ಮುನ್ನವೇ ಪ್ರಾಣಿಗಳನ್ನು ಗೋಶಾಲೆ, ಪಾಂಜರಪೋಳಗಳ ಸುಪರ್ದಿಗೆ ಒಪ್ಪಿಸಲು ದಾರಿ ಮಾಡಿಕೊಟ್ಟವು. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮಗಳು ಮೂಲ ಕಾಯ್ದೆಗೇ ವಿರುದ್ಧವಾಗಿ ಕಾಣುತ್ತವೆ, ಬದಲಿಸಿ, ಇಲ್ಲವಾದರೆ ತಡೆಯಬೇಕಾದೀತು ಎಂದು ಕೇಂದ್ರವನ್ನು ಎಚ್ಚರಿಸಿತು. ಇಲ್ಲಿ ಅಧಿಕಾರಿಗಳ ವಿವೇಕಕ್ಕೆ ದೊಡ್ಡ ಜಾಗವಿದೆ. ಎತ್ತಿಗೆ ಚಿಕಿತ್ಸೆ ಬೇಕೆಂದು ವೈದ್ಯರು ಬರೆದಿದ್ದರೆ ಅದು ಗುಣವಾಗುವವರೆಗೆ ಆಸ್ಪತ್ರೆಯ ಅಥವಾ ಪಾಂಜರಪೋಳದ ಆರೈಕೆಯಲ್ಲಿರಲಿ; 35ನೇ ಕಲಮು ಅದಕ್ಕೆಂದೇ ಇದೆ. ಆರೈಕೆಯ ಖರ್ಚು ಮಾಲೀಕನ ಮೇಲೆ ಬೀಳುತ್ತದೆ, ಆದರೆ ಅವನ ಬಡತನ ನೋಡಿ ಚಿಕಿತ್ಸೆಯ ವೆಚ್ಚವನ್ನು ಮ್ಯಾಜಿಸ್ಟ್ರೇಟರು ಮನ್ನಾ ಮಾಡಬಹುದೆಂದೂ ಅಲ್ಲಿ ಬರೆದಿದೆ. ಗಾಯವೇ ಇಲ್ಲದ ಎತ್ತನ್ನು ತಿಂಗಳುಗಟ್ಟಲೆ ಹಿಡಿದಿಟ್ಟು, ಮಾಲೀಕ ಅಲೆದು ಸೋತು ಬಿಟ್ಟುಕೊಡುವಂತೆ ಮಾಡುವುದಕ್ಕೆ ಮಾತ್ರ ಕಾನೂನಿನಲ್ಲಿ ಜಾಗವಿಲ್ಲ. ಅದು ತೀರ್ಪಿಗೆ ಮುಂಚಿನ ಶಿಕ್ಷೆ. ಅದರಿಂದ ಎತ್ತಿಗೂ ಸುಖವಿಲ್ಲ. ಮೈ ತಿಕ್ಕಿ ಹುರುಳಿ ನುಚ್ಚು ತಿನ್ನಿಸುವ ಕೈ ಬಿಟ್ಟು ಬಂದ ಎತ್ತು ಹೊಸ ಜಾಗದಲ್ಲಿ ಸೊರಗುತ್ತದೆಂದು ದನ ಕಟ್ಟಿದವರಿಗೆಲ್ಲ ಗೊತ್ತು.

ಪರವಾನಗಿ ಕೊಡುವ ಮತ್ತು ನಿರಾಕರಿಸುವ ಆದೇಶಗಳಲ್ಲಿ ಇದಕ್ಕಿಂತ ಹೆಚ್ಚಿನ ಶಿಸ್ತು ಬೇಕು, ಏಕೆಂದರೆ ನಿಜವಾದ ವಿಚಾರಣೆಗೆ ಸಮಯವಿರುವುದು ಶರ್ಯತ್ತಿಗೆ ಮೊದಲು. 1951ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಗೋರ್ಧನದಾಸ ಭಾಂಜಿ ಪ್ರಕರಣ ಇಲ್ಲಿ ನೆನಪಿಗೆ ಬರಬೇಕು. ಮುಂಬಯಿಯ ಅಂಧೇರಿಯಲ್ಲಿ ಚಿತ್ರಮಂದಿರ ಕಟ್ಟಲು ಪೊಲೀಸ್ ಕಮಿಷನರ್ ಅನುಮತಿ ಕೊಟ್ಟಿದ್ದರು. ಆಮೇಲೆ ‘ಸರ್ಕಾರದ ನಿರ್ದೇಶನದಂತೆ’ ರದ್ದಾಗಿದೆ ಎಂದು ತಿಳಿಸಿದರು. ನಿಯಮದ ಪ್ರಕಾರ ರದ್ದು ಮಾಡುವ ಅಧಿಕಾರ ಕಮಿಷನರರದು, ಸರ್ಕಾರದ್ದಲ್ಲ. ಮೇಲಿನವರು ಹೇಳಿದರೆಂದು ಸಹಿ ಮಾಡಿದ ಆದೇಶ ಕಮಿಷನರರ ಆದೇಶವೇ ಅಲ್ಲ ಎಂದಿತು ನ್ಯಾಯಾಲಯ. ಅಂಧೇರಿಯ ಚಿತ್ರಮಂದಿರಕ್ಕೂ ರಾಯಬಾಗದ ಜಾತ್ರೆಗೂ ಏನು ಸಂಬಂಧ ಎನ್ನಬಹುದು. ಸಂಬಂಧ ನೇರವಾಗಿದೆ. ಪ್ರಭಾವಿಗಳ ಹೆಸರಿನಲ್ಲಿ ನಡೆಯುವ ಶರ್ಯತ್ತಿಗೆ ಫೋನಿನ ಮೇಲೆ ಒಪ್ಪಿಗೆ, ಹೆಸರಿಲ್ಲದ ಹಳ್ಳಿಯ ಶರ್ಯತ್ತಿಗೆ ಹಿಂದಿನ ರಾತ್ರಿ ತಡೆ ಎಂದಾದರೆ ಅಲ್ಲಿ ಕಾಯ್ದೆ ವಿವೇಚನೆಯನ್ನು ಯಾರ ಕೈಗೆ ಕೊಟ್ಟಿದೆಯೋ ಅವರು ಅದನ್ನು ಬಳಸಲೇ ಇಲ್ಲ. ಕಾರಣ ಬರೆಯದ ಆದೇಶಕ್ಕೆ ನಂತರ ಹೈಕೋರ್ಟಿನಲ್ಲಿ ಪ್ರಮಾಣಪತ್ರ ಸಲ್ಲಿಸಿ ಕಾರಣ ಹೊಂದಿಸುವಂತಿಲ್ಲ ಎಂದು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಹೇಳಿದ್ದು ಕೂಡ ಇದೇ ಎಳೆಯದು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಇನ್ನೂ ಸರಳ: ಆಡಳಿತಾತ್ಮಕ ನಿರ್ಧಾರದಿಂದ ಬಾಧಿತರಾದವರಿಗೆ ಅದರ ಕಾರಣ ತಿಳಿಸುವುದು ಕಚೇರಿಯ ಕರ್ತವ್ಯ. ಕೇಳಿದ ಮೇಲೆ ಕೊಡುವ ಉಪಕಾರವಲ್ಲ.

ನಿಷೇಧಾಜ್ಞೆಯ ವಿಷಯವೂ ಹಾಗೆಯೇ. ಶರ್ಯತ್ತು ತಡೆಯಲು ಸುಲಭದ ಸಾಧನವೆಂದರೆ ಹಿಂದಿನ 144, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮು. 2020ರ ಅನುರಾಧಾ ಭಾಸಿನ್ ತೀರ್ಪು ಇಂಥ ಆದೇಶಗಳನ್ನು ಪ್ರಕಟಿಸಬೇಕು, ಅವುಗಳಲ್ಲಿ ಸಂಗತಿಗಳು ಇರಬೇಕು, ಅಪಾಯಕ್ಕೆ ತಕ್ಕಷ್ಟೇ ನಿರ್ಬಂಧವಿರಬೇಕು ಎಂದು ಗೆರೆ ಹಾಕಿದೆ. ಒಂದು ಊರಿನ ಮೈದಾನದಲ್ಲಿ ಜನರ ನಡುವೆ ಗಾಡಿ ನುಗ್ಗುವ ಭಯವಿದ್ದರೆ ಕಟಕಟೆ ಕಟ್ಟಿಸಿ, ಹಾದಿ ಬದಲಿಸಿ, ಆಗದಿದ್ದರೆ ಆ ಓಟ ನಿಲ್ಲಿಸಿ. ಇಡೀ ತಾಲ್ಲೂಕಿನ ಜಾತ್ರೆಗೆ ಬೀಗ ಹಾಕುವುದು ಗುಬ್ಬಿಗೆ ಬ್ರಹ್ಮಾಸ್ತ್ರ.

ತನಿಖಾಧಿಕಾರಿಯ ನಿಷ್ಪಕ್ಷಪಾತದ ಮಾತನ್ನು ಮುಜುಗರವಿಲ್ಲದೆ ಆಡಬೇಕಾಗಿದೆ. ನಮ್ಮ ಕಡೆ ಅತಿಥಿಸತ್ಕಾರ ದೊಡ್ಡದು. ಜಾತ್ರಾ ಕಮಿಟಿ ವೇದಿಕೆ ಕಟ್ಟಿದರೆ ಜನಪ್ರತಿನಿಧಿಗಳ ಪಕ್ಕದಲ್ಲಿ ಅಧಿಕಾರಿಗಳಿಗೂ ಕುರ್ಚಿ ಹಾಕುತ್ತಾರೆ, ಶಾಲು ಹೊದಿಸುತ್ತಾರೆ, ಪೇಟ ಸುತ್ತುತ್ತಾರೆ. ಅದರಲ್ಲಿ ಕೆಟ್ಟ ಉದ್ದೇಶವಿಲ್ಲ, ನಿಜ. ಆದರೆ ಸಂಜೆ ಅದೇ ಮೈದಾನದಲ್ಲಿ ಎತ್ತು ಬಿದ್ದರೆ, ಯಾರ ಕೊರಳಲ್ಲಿ ಕಮಿಟಿಯ ಹಾರ ಇನ್ನೂ ಬಾಡಿಲ್ಲವೋ ಅವರೇ ಕಮಿಟಿಯ ವಿಚಾರಣೆ ಮಾಡಿದರೆ ಯಾರು ನಂಬುತ್ತಾರೆ? ತನ್ನ ಪ್ರಕರಣಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬ ಸೂತ್ರ ಆಡಳಿತದ ಕೆಲಸಕ್ಕೂ ಹೊಂದುತ್ತದೆಂದು 1969ರ ಕ್ರೈಪಾಕ್ ಪ್ರಕರಣದಲ್ಲೇ ತೀರ್ಮಾನವಾಗಿದೆ. ಪಕ್ಷಪಾತ ನಡೆದೇ ಇದೆಯೆಂದು ತೋರಿಸಬೇಕಿಲ್ಲ, ನಡೆಯುವ ಸಂಭವವಿದ್ದರೆ ಸಾಕು. ಇದರ ಇನ್ನೊಂದು ಮುಖವೂ ಇದೆ. ದೂರು ಬಂದ ಕೂಡಲೇ ‘ನೀವು ಪ್ರಾಣಿಹಿಂಸೆ ಮಾಡಿದ್ದೀರಿ, ಏಕೆ ಕ್ರಮ ಕೈಗೊಳ್ಳಬಾರದು’ ಎಂದು ನೋಟಿಸ್ ಬರೆಯುವ ರೂಢಿ ಇದೆ. ಅಪರಾಧ ತೀರ್ಮಾನಿಸಿದ ಮೇಲೆ ಉತ್ತರ ಕೇಳುವ ನೋಟಿಸು ನೋಟಿಸೇ ಅಲ್ಲ, ತೆರೆದ ಮನಸ್ಸಿನಿಂದ ಬರೆದದ್ದು ಮಾತ್ರ ನೋಟಿಸು ಎಂದು 2010ರ ಓರಿಕ್ಸ್ ಫಿಶರೀಸ್ ತೀರ್ಪಿನಲ್ಲಿದೆ. ಯಾವ ದಿನ, ಯಾವ ಗಾಡಿ, ಯಾವ ಎತ್ತು, ಏನು ಕಂಡುಬಂತು ಎಂದು ಬರೆಯಿರಿ. ವಿಡಿಯೊ ಇದ್ದರೆ ಅದರ ಪ್ರತಿ ಕೊಡಿ. ಅದನ್ನು ಸಾಕ್ಷ್ಯವಾಗಿ ಬಳಸುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನು ಮೊದಲೇ ಪಡೆದಿಡಿ. ಬೇರೆ ಊರಿನ, ಬೇರೆ ವರ್ಷದ ವಿಡಿಯೊ ಈ ವರ್ಷದ ಶರ್ಯತ್ತಿನದೆಂದು ಓಡಾಡುವುದು ಹೊಸದಲ್ಲ.

ಇಷ್ಟೆಲ್ಲ ಶ್ರಮ ಯಾತಕ್ಕೆ ಎಂಬ ಆಕ್ಷೇಪ ಉಳಿಯುತ್ತದೆ. 11ನೇ ಕಲಮಿನ ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಮೂರು ವರ್ಷದೊಳಗೆ ಮರುಕಳಿಸಿದರೆ 25ರಿಂದ 100 ರೂಪಾಯಿ ಅಥವಾ ಮೂರು ತಿಂಗಳವರೆಗೆ ಸಜೆ. ದಶಕಗಳ ಹಿಂದಿನ ಮೊತ್ತ ಹಾಗೆಯೇ ಕುಳಿತಿದೆ. 2022ರ ನವೆಂಬರಿನಲ್ಲಿ ಕೇಂದ್ರ ಪ್ರಕಟಿಸಿದ ತಿದ್ದುಪಡಿಯ ಕರಡು ದಂಡ ಹೆಚ್ಚಿಸುವ ಮಾತಾಡಿತ್ತು. ಲಕ್ಷ ರೂಪಾಯಿ ಬಕ್ಷೀಸಿನ ಓಟದಲ್ಲಿ 50 ರೂಪಾಯಿ ದಂಡ ಒಂದು ಚಹಾ ಖರ್ಚು. ಅದಕ್ಕೇ ಪ್ರಾಣಿದಯೆಯವರಲ್ಲಿ ಕೆಲವರು, ಶಿಕ್ಷೆ ನ್ಯಾಯಾಲಯದಲ್ಲಿ ಸಿಗುವುದಿಲ್ಲ, ದಾಳಿ, ಜಪ್ತಿ, ಠಾಣೆಯ ಅಲೆದಾಟವೇ ಶಿಕ್ಷೆಯಾಗಲಿ ಎನ್ನುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಮೂಕಪ್ರಾಣಿಯ ಪರವಾಗಿ ನಿಂತವರ ತಾಳ್ಮೆಗೆ ಮಿತಿಯಿದೆ. ಆದರೂ ಈ ವಾದ ಅಪಾಯದ್ದು. ಠಾಣೆಯೇ ಶಿಕ್ಷೆ ಕೊಡುವುದಾದರೆ ಅದರಿಂದ ಪಾರಾಗಲು ಕೊಡುವ ಹಣವೂ ಠಾಣೆಯಲ್ಲೇ ನಿಗದಿಯಾಗುತ್ತದೆ. ಹಣವಿದ್ದವನ ಎತ್ತು ಮುಂದಿನ ವಾರವೂ ಅದೇ ಕೋಲಿನ ಏಟು ತಿನ್ನುತ್ತದೆ, ಇಲ್ಲದವನ ಎತ್ತು ಹರಾಜಿಗೆ ಬರುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಎರಡನೆಯ ಅಪರಾಧಕ್ಕಿರುವ ಸಜೆ ಸಿಗಬೇಕಾದರೆ ಮೊದಲನೆಯದು ದಾಖಲೆಯಲ್ಲಿ ಸಾಬೀತಾಗಿರಬೇಕು. 29ನೇ ಕಲಮಿನಂತೆ ಎತ್ತನ್ನು ಖಾಯಂ ಬಿಡಿಸಿಕೊಳ್ಳಬೇಕಾದರೂ ಹಿಂದಿನ ಶಿಕ್ಷೆಯ ದಾಖಲೆ ನೆರವಾಗುತ್ತದೆ. 50 ರೂಪಾಯಿಯ ಆ ತೀರ್ಪು ಮುಂದಿನದಕ್ಕೆ ಮೆಟ್ಟಿಲು. ಆ ಮೆಟ್ಟಿಲನ್ನು ಹಾಕಲು ಕಾಯ್ದೆ ಕೊಟ್ಟಿರುವುದು ಮೂರೇ ತಿಂಗಳು: ಅಪರಾಧ ನಡೆದ ದಿನದಿಂದ ಮೂರು ತಿಂಗಳು ಕಳೆದರೆ ಮೊಕದ್ದಮೆ ಹೂಡುವಂತಿಲ್ಲ ಎನ್ನುತ್ತದೆ 36ನೇ ಕಲಮು. ಮಾಘದ ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ ಸೇರುವ ಹೊತ್ತಿನಲ್ಲಿ ಎಲ್ಲೋ ನಡೆದ ಹಿಂಸೆಯ ಕಡತ ಮೊದಲ ಮಳೆ ಬೀಳುವಷ್ಟರಲ್ಲಿ ತಾನಾಗಿಯೇ ಸತ್ತಿರುತ್ತದೆ.

ಸಂಪ್ರದಾಯದ ಕಡೆಯಿಂದ ಬರುವ ಆಕ್ಷೇಪಕ್ಕೂ ಉತ್ತರ ಹೇಳಬೇಕು. ಎತ್ತು ನಮ್ಮ ಮನೆಯ ಮಗ, ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿದು ಹೋಳಿಗೆ ತಿನ್ನಿಸುವವರಿಗೆ ದಯೆ ಕಲಿಸಲು ನೀವು ಯಾರು ಎಂಬ ಮಾತು ಪ್ರಾಮಾಣಿಕವಾದದ್ದು. ಶರ್ಯತ್ತಿನಿಂದ ಖಿಲಾರಿ ತಳಿಗೆ ಬೆಲೆ ಉಳಿದಿದೆ ಎಂಬುದರಲ್ಲಿಯೂ ಹುರುಳಿದೆ. ಭಾರವಾದ ಎರೆಭೂಮಿ ಉಳಲು ಹೆಸರಾಗಿದ್ದ ಕೃಷ್ಣಾ ಕಣಿವೆಯ ದನದ ತಳಿ ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟು ವಿರಳವಾಯಿತೆಂದು ಈ ಭಾಗದವರಿಗೆ ಗೊತ್ತು. ಆದರೆ ಇದೇ ಸೀಮೆಗೆ ಇನ್ನೊಂದು ಪರಂಪರೆಯೂ ಇದೆ. ಕೋಥಳಿಯ ಆಚಾರ್ಯ ದೇಶಭೂಷಣರು, ಶೇಡಬಾಳದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾನಂದರು ಇಲ್ಲಿಂದಲೇ ಅಹಿಂಸೆಯ ಮಾತನ್ನು ದೇಶಕ್ಕೆ ಒಯ್ದವರು. ಎರಡು ಪರಂಪರೆಗಳ ನಡುವೆ ಯಾವುದು ಮೇಲೆಂದು ತೀರ್ಪು ಹೇಳುವುದು ತಹಶೀಲ್ದಾರರ ಕೆಲಸವಲ್ಲ. ಶರ್ಯತ್ತು ಸಂಸ್ಕೃತಿಯೇ ಎಂಬ ಪ್ರಶ್ನೆಯನ್ನು ಶಾಸಕಾಂಗ ತೀರ್ಮಾನಿಸಿದೆ, ಸಂವಿಧಾನ ಪೀಠ ಅದನ್ನು ಅಲ್ಲಿಗೇ ಬಿಟ್ಟಿದೆ. ಅಧಿಕಾರಿ ನೋಡಬೇಕಾದದ್ದು ಇಷ್ಟೇ: ಈ ಎತ್ತಿಗೆ, ಈ ದಿನ, ಅನಗತ್ಯ ನೋವಾಯಿತೇ? ತನಗೆ ಶರ್ಯತ್ತು ಇಷ್ಟವೋ ಕಷ್ಟವೋ ಎಂಬುದನ್ನು ಆ ಪ್ರಶ್ನೆಯೊಳಗೆ ಬೆರೆಸದಿರುವುದೇ ಅವರ ಧರ್ಮ.

ಕುದುರೆ ಗಾಡಿಯ ಮಾತು ಮಾತ್ರ ಇನ್ನೂ ಬಗೆಹರಿಯದೆ ನಿಂತಿದೆ. ರಾಜ್ಯದ ತಿದ್ದುಪಡಿ ಹೇಳುವುದು ಕೋಣ ಮತ್ತು ಎತ್ತಿನ ಓಟವನ್ನು. ಕುದುರೆ ಅದರಲ್ಲಿಲ್ಲ. ಕುದುರೆಗೂ ಎತ್ತಿಗೂ ಒಂದೇ ನೊಗ ಹಾಕಿದ ಗಾಡಿ ಎತ್ತಿನಗಾಡಿಯೇ? ನನ್ನ ಓದಿನ ಪ್ರಕಾರ ಅಲ್ಲ. ವಿನಾಯಿತಿಯನ್ನು ಅದರ ಪದಗಳಾಚೆಗೆ ಹಿಗ್ಗಿಸಲು ಬರುವುದಿಲ್ಲ. ಹೆಜ್ಜೆಯ ಅಳತೆ, ಎತ್ತರ, ವೇಗ ಮೂರರಲ್ಲೂ ಬೇರೆಯಾದ ಎರಡು ಪ್ರಾಣಿಗಳಲ್ಲಿ ಒಂದನ್ನು ಇನ್ನೊಂದು ಎಳೆದುಕೊಂಡೇ ಓಡಬೇಕಾಗುತ್ತದೆ. ಹಾಗಿದ್ದರೂ ಒಂದೇ ಕರಪತ್ರದಲ್ಲಿ ಮೂರೂ ಬಗೆಯ ಗಾಡಿಗಳ ಬಕ್ಷೀಸು ಅಚ್ಚಾಗುತ್ತದೆ. ಕಮಿಟಿಯವರು ಇದನ್ನು ಕಾನೂನಿನ ಮೇಲಿನ ಧಿಕ್ಕಾರದಿಂದ ಮಾಡುತ್ತಿಲ್ಲ, ಯಾರೂ ಅವರಿಗೆ ಬರೆದು ಹೇಳಿಲ್ಲ. ಜಿಲ್ಲಾಡಳಿತ ಹಂಗಾಮಿಗೆ ಮೊದಲೇ ಈ ಐದು ತಾಲ್ಲೂಕುಗಳಿಗೆ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಿ, ಯಾವ ಗಾಡಿಗೆ ಅವಕಾಶ, ಯಾವುದಕ್ಕೆ ಇಲ್ಲ, ಅರ್ಜಿ ಯಾರಿಗೆ, ಎಷ್ಟು ದಿನ ಮೊದಲು, ನಿರಾಕರಿಸಿದರೆ ಮೇಲ್ಮನವಿ ಎಲ್ಲಿಗೆ ಎಂದು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬೇಕು. ಅದರ ನಂತರವೂ ಓಡಿಸಿದವನ ಮೇಲೆ ಕ್ರಮ ಕೈಗೊಂಡರೆ ಊರೇ ಅದನ್ನು ಒಪ್ಪುತ್ತದೆ.

ಅರ್ಜಿಯ ನಮೂನೆಯಲ್ಲಿ ಒಂದು ಕಾಲಮ್ಮನ್ನು ತಪ್ಪದೆ ಸೇರಿಸಬೇಕೆಂದು ನನ್ನ ಕೋರಿಕೆ. ಪಶುಸಂಗೋಪನಾ ಇಲಾಖೆ ದನಗಳ ಕಿವಿಗೆ ಹಾಕುವ ಹಳದಿ ಬಿಲ್ಲೆಯಲ್ಲಿ 12 ಅಂಕಿಯ ಸಂಖ್ಯೆ ಇರುತ್ತದೆ. ಓಟಕ್ಕೆ ಇಳಿಯುವ ಪ್ರತಿ ಎತ್ತಿನ ಆ ಸಂಖ್ಯೆ, ಓಟಕ್ಕೆ ಮೊದಲು ಪಶುವೈದ್ಯರು ಕಂಡ ಮೈಯ ಸ್ಥಿತಿ, ಓಟದ ನಂತರ ಕಂಡ ಸ್ಥಿತಿ, ಈ ಮೂರು ಒಂದೇ ಹಾಳೆಯಲ್ಲಿರಲಿ. ಕೆಳಗೆ ವೈದ್ಯರ ಸಹಿ, ಯಜಮಾನನ ಸಹಿ. ಬಾಸುಂಡೆ ಮೊದಲೇ ಇತ್ತೆಂದು ಯಜಮಾನ ಹೇಳಿದರೆ ಹಾಳೆ ಉತ್ತರ ಕೊಡುತ್ತದೆ. ಸುಳ್ಳು ದೂರು ಬಂದರೆ ಅದೇ ಹಾಳೆ ಅವನನ್ನು ಕಾಯುತ್ತದೆ. ಜಪ್ತಿಯ ಪಂಚನಾಮೆಯಲ್ಲಿ ‘ಬಿಳಿ ಬಣ್ಣದ ಎರಡು ಎತ್ತುಗಳು’ ಎಂದಷ್ಟೇ ಬರೆದರೆ ಖಿಲಾರಿ ಸೀಮೆಯಲ್ಲಿ ಅದು ಯಾವ ಎತ್ತೂ ಆಗಬಹುದು. ಬಿಲ್ಲೆಯ ಸಂಖ್ಯೆ ಬರೆದಿದ್ದರೆ ಗಾಯವಾದದ್ದು ಯಾವ ಎತ್ತಿಗೆ, ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದದ್ದು ಯಾವುದು, ಬಾಂಡು ಬರೆಸಿಕೊಂಡು ಯಜಮಾನನಿಗೆ ಮರಳಿಸಿದ್ದು ಯಾವುದು, ಮುಂದಿನ ವರ್ಷ ಮತ್ತೆ ಗಾಯಗೊಂಡು ಬಂದದ್ದು ಯಾವುದು ಎಂದು ಚಿಕ್ಕೋಡಿಯ ನ್ಯಾಯಾಲಯ ಗುರುತಿಸಬಲ್ಲದು.